ಐದನೆಯ ಕಲ್ಲು ಖಾಲಿ ಇದ್ದ ನಲವತ್ತಮೂರು ನಿಮಿಷ

ಹೊಸಪೇಟೆ,
ಫೆಬ್ರವರಿ ಮೂವತ್ತು, 2187

ಬಾಗಲಕೋಟೆಯ ಶ್ರೀ ಸಂಗಮೇಶ ಹೂಲಿ ಅವರಿಗೆ,

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಕಾಗದ ಮುಚ್ಚಿಡಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಯಲ್ಲಿ ಒಟ್ಟಿಗೆ ಇಟ್ಟು ರಜೆ ಕೊಡುತ್ತಾರೆ. ನನ್ನ ಭಾಷೆಯೂ ನಿಮಗೆ ಅಲ್ಲಲ್ಲಿ ವಿಚಿತ್ರವೆನಿಸಬಹುದು. ನಿಮಗೆ ತಿಳಿಯುವ ಹಾಗೆ ಬರೆಯಲೆಂದೇ ನಿಮ್ಮ ಕಾಲದ ಕನ್ನಡವನ್ನು ಎರಡು ವರ್ಷ ಕೂತು ಕಲಿತೆ. ಆದರೂ ನಮ್ಮ ಕಾಲದ ಮಾತು ಒಂದೆರಡು ನುಸುಳುತ್ತವೆ, ಕ್ಷಮಿಸಿ. ನಿಮ್ಮನ್ನು ಮುತ್ತಜ್ಜ ಎನ್ನಬೇಕೋ ತಮ್ಮ ಎನ್ನಬೇಕೋ ಅದೂ ಬಗೆಹರಿಯಲಿಲ್ಲ. ನೀವು ನನಗಿಂತ ಸುಮಾರು ನೂರ ಮೂವತ್ತು ವರ್ಷ ಮೊದಲು ಹುಟ್ಟಿದವರು. ಆದರೆ ಇದನ್ನು ಓದುವಾಗ ನಿಮಗೆ ಇಪ್ಪತ್ತೊಂಬತ್ತು, ಬರೆಯುವಾಗ ನನಗೆ ಅರವತ್ತೊಂದು.

ನನ್ನ ಹೆಸರು ಇಂಚರಮ್ಮ. ನಿಮ್ಮ ಕಾಲದಲ್ಲಿ ಅದು ಪುಟ್ಟ ಮಕ್ಕಳ ಹೆಸರಂತೆ; ನಮ್ಮಲ್ಲಿ ಅಜ್ಜಿಯರಿಗಷ್ಟೇ ಉಳಿದಿದೆ. ನಾನು ನೆರಳುಗಾರ್ತಿ. ಅಂದರೆ ಬೀದಿಗಳ ಮೇಲೆ ಕಟ್ಟಿರುವ ದೊಡ್ಡ ಬಟ್ಟೆಗಳನ್ನು ಸೂರ್ಯ ಸರಿದ ಹಾಗೆ ಸರಿಸುತ್ತ ಹೋಗುವುದು ನನ್ನ ಕೆಲಸ. ಬೆಳಿಗ್ಗೆ ಪೂರ್ವದ ಹಗ್ಗ ಎಳೆಯಬೇಕು, ಮಧ್ಯಾಹ್ನ ನಡುಬೀದಿಯದ್ದು, ಇಳಿಹೊತ್ತಿಗೆ ಪಶ್ಚಿಮದ್ದು. ನೆರಳಿಲ್ಲದೆ ಇಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ನಮ್ಮ ತಂಡದಲ್ಲಿ ಆರು ಜನ. ಯಾರಾದರೂ ಹತ್ತು ನಿಮಿಷ ತಡ ಮಾಡಿದರೆ ಅವರ ಜಾಗಕ್ಕೆ ಬೇರೊಬ್ಬರು ಬಂದಿರುತ್ತಾರೆ. ತಡವಾದವರನ್ನು ಯಾರೂ ಬೈಯುವುದಿಲ್ಲ, ಯಾಕೆ ತಡವಾಯಿತೆಂದು ಕೇಳುವುದೂ ಇಲ್ಲ. ಹಗ್ಗ ಎಳೆದು ಕೈಯಲ್ಲಿ ಬೊಬ್ಬೆ ಬಂದರೂ ನಾವು ಪರಸ್ಪರ ಬಹಳ ಸಭ್ಯವಾಗಿರುತ್ತೇವೆ.

ಈ ಕಾಗದ ನಿಮಗೆ ಬರುತ್ತಿರುವುದು ಹಿನ್ನಂಚೆಯಲ್ಲಿ. ಕಳೆದ ಕಾಲಕ್ಕೆ ಕಾಗದ ಕಳಿಸುವ ಏರ್ಪಾಡಿಗೆ ನಾವಿಟ್ಟ ಹೆಸರು ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ತೀರಿಹೋದ ತಾಯಿಗೋ ಮಗುವಿಗೋ ಬರೆಯುತ್ತಾರೆ. ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ತಲುಪಿ ಏನಾದರೂ ಬದಲಾದರೆ, ಆ ಬದಲಾದದ್ದೇ ನಮಗೆ ಮೊದಲಿನಿಂದ ಇದ್ದದ್ದಾಗಿಬಿಡುತ್ತದೆ ಎನ್ನುತ್ತಾರೆ ಬಲ್ಲವರು. ನಾನೂ ನನ್ನ ಅಣ್ಣನಿಗೆ ಬರೆಯಬಹುದಿತ್ತು. ಬರೆಯುವ ಮನಸ್ಸೂ ಬಹಳ ಇತ್ತು. ಆದರೂ ಇದ್ದೊಂದು ಕಾಗದವನ್ನು ಮುಖ ಕಾಣದ ನಿಮಗೆ ಬರೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ನೀವು ಈಗ ಏನು ಮಾಡುತ್ತಿದ್ದೀರಿ ಎಂಬುದು ನನಗೆ ಗೊತ್ತು. ಇವತ್ತು ಭಾನುವಾರ, ಸಂಜೆ ಐದೂವರೆ. ನಿಮ್ಮ ಮೊಬೈಲ್ ರಿಪೇರಿ ಅಂಗಡಿಗೆ ರಜೆ. ಮುಕ್ಕಾಲು ಗಂಟೆಯ ಹಿಂದೆ ನೀವು 'ಹದಿನೆಂಟು ಸೀಮೆ' ಎಂಬ ಆನ್‌ಲೈನ್ ಆಟದಲ್ಲಿ ಹೀನಾಯವಾಗಿ ಸೋತಿರಿ. ಮೈಯೆಲ್ಲ ಉರಿಯುತ್ತಿದೆ. ಆಟಗಾರರು ದೂರು ಬರೆಯುವ ಪುಟ ತೆರೆದು ಮೂರು ಸಾಲು ಟೈಪ್ ಮಾಡಿದ್ದೀರಿ. ಇನ್ನೂ ಕಳಿಸಿಲ್ಲ.

ಇವತ್ತು ಮಧ್ಯಾಹ್ನ ನೀವು ಆಡಿದ ಮಾತುಗಳನ್ನೆಲ್ಲ ನಾನು ಕೇಳಿದ್ದೇನೆ. ನಮ್ಮಲ್ಲಿ ಮಾತಿನ ಕಣಜ ಎಂಬುದೊಂದಿದೆ. ಹಳೆಯ ಆಟಗಳಲ್ಲಿ ಜನ ಆಡಿದ ಮಾತು, ಬೈಗುಳ, ನಗು ಎಲ್ಲವನ್ನೂ ಅಲ್ಲಿ ಕೂಡಿಟ್ಟಿದ್ದಾರೆ. ಕದ್ದು ಕೇಳಿದ್ದಕ್ಕೆ ಬೇಕಾದರೆ ಬೈಯಿರಿ. ಆಟದೊಳಗಿನ ಗವಿಯ ಬಾಗಿಲ ಮುಂದಿನ ಐದು ಕಲ್ಲುಗಳ ಮೇಲೆ ಐದು ಜನ ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಗುರಾಣಿ ಹಿಡಿದು ನೀವು ನಿಂತಿರಿ. ಬಿಲ್ಲು ಹಿಡಿದು ಮಂಗಳೂರಿನ ಜೋಯಲ್ ನಿಂತ. ದಾವಣಗೆರೆಯ ಅಕ್ಕತಂಗಿಯರಿಬ್ಬರು ನಿಂತರು. ಐದನೆಯ ಕಲ್ಲು ಮದ್ದಿನವಳದ್ದು. ಗಾಯ ಮಾಗಿಸುವ ಆ ಪಾತ್ರ ಕೊಳ್ಳೇಗಾಲದ ಚಂದ್ರಮತಿಯಕ್ಕನದ್ದು. ಅವರು ಕಲ್ಲು ಹತ್ತುವ ಹೊತ್ತಿಗೆ ಸರಿಯಾಗಿ ಮಾಯವಾದರು. ಮದ್ದಿನವಳಿಲ್ಲದೆ ಒಳಗೆ ಹೋದರೆ ಸಾವು ಖಂಡಿತ. ನೀವು ನಾಲ್ವರೂ ನಲವತ್ತಮೂರು ನಿಮಿಷ ಕಾದಿರಿ.

ಮೊದಲ ಹತ್ತು ನಿಮಿಷ ಬರೀ ಗೊಣಗಾಟ. "ಎಂತ ಮಾರಾಯ್ರೆ ಇದು, ಅಕ್ಕ ಬರ್ತಾರಾ ಇಲ್ವಾ? ಇನ್ನು ಸ್ವಲ್ಪ ಹೊತ್ತಾದ್ರೆ ನನ್ನ ಕಾಲು ಬೇರು ಬಿಡ್ತದೆ" ಎಂದ ಜೋಯಲ್. "ಪ್ರತಿ ಸಲ ಇದ ಹಣೆಬರಾ ನೋಡ್ರಿ. ಒಬ್ಬರು ಬಂದ್ರ ಇನ್ನೊಬ್ಬರು ಇರಂಗಿಲ್ಲ" ಎಂದಿರಿ ನೀವು. ಆಮೇಲೆ ಬೈಯಲು ಹೊಸ ಮಾತು ಸಿಗಲಿಲ್ಲ. ಡ್ರೈವಿಂಗ್ ಟೆಸ್ಟಿನಲ್ಲಿ ತಾನು ಮೂರು ಸಲ ಫೇಲಾದದ್ದನ್ನು ಜೋಯಲ್ ಹೇಳಿಕೊಂಡ. ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ, ಯಾರೂ ಕೇಳದಿದ್ದರೂ, ನೀವು ಮಾತಾಡಿದಿರಿ. "ಅಪ್ಪ ಹೋಗಿ ನಾಕ ತಿಂಗಳಾತು. ನಾ ಆಡಾಕ ಕುಂತಾಗ ಹಿಂದ ಕುರ್ಚಿ ಹಾಕ್ಕೊಂಡು ಕುಂದರ್ತಿದ್ದ. ಏನೂ ತಿಳೀತಿರಲಿಲ್ಲ ಅವಗ. 'ಯಾರು ಗೆದ್ರೋ ತಮ್ಮಾ' ಅಂತ ಕೇಳ್ತಿದ್ದ, ಅಷ್ಟ. ಈಗ ಗೆದ್ರೂ ಕೇಳಾಕ ಯಾರಿಲ್ಲ." ಆಮೇಲೆ ಜೋಯಲ್, "ನಾವಿಲ್ವಾ ಮಾರಾಯ್ರೆ, ನಾವು ಕೇಳ್ತೇವೆ" ಎಂದ.

ಸಂಗಮೇಶ ಅವರೇ, ಈ ಮಾತನ್ನು ಈ ನಾಲ್ಕು ತಿಂಗಳಲ್ಲಿ ನೀವು ಬೇರೆ ಯಾರೊಂದಿಗಾದರೂ ಆಡಿದ್ದಿರಾ? ಚಂದ್ರಮತಿಯಕ್ಕ ಸಮಯಕ್ಕೆ ಸರಿಯಾಗಿ ಬಂದಿದ್ದರೆ ಆಡುತ್ತಿದ್ದಿರಾ?

ಕೊನೆಗೆ ಅವರು ಏದುಸಿರು ಬಿಡುತ್ತ ಬಂದರು. "ತಪ್ಪಾಯ್ತು ಕನ್ರಪ್ಪಾ. ಟ್ರಾನ್ಸ್‌ಫಾರ್ಮರ್ ಸುಟ್ಟೋಯ್ತು, ಮೊಬೈಲೂ ಸತ್ತೋಗಿತ್ತು. ಬಿಸ್ಲಲ್ಲಿ ಲ್ಯಾಪ್‌ಟಾಪ್ ಹೊತ್ಕಂಡು ನಾದಿನಿ ಮನೆಗೆ ಓಡ್ಬಂದೆ. ಬೈದ್ಬುಡಿ ಒಂದ್ಸತಿ, ಆಮೇಕೆ ಒಳಕ್ಕೋಗವ." ನೀವು ಬೈದಿರಿ. "ಪೌಣ ತಾಸು ಕಾದೀವಿ, ನಾಚಿಗಿ ಬರಂಗಿಲ್ಲೇನ್ರೀ ಅಕ್ಕಾ?" ಎಂದಿರಿ. ಅವರು ನಕ್ಕರು. ಒಳಗೆ ಹೋದಿರಿ, ಗವಿಯ ದೈತ್ಯನ ಕೈಯಲ್ಲಿ ಮೂರೇ ನಿಮಿಷದಲ್ಲಿ ಐವರೂ ಸತ್ತಿರಿ. ಎದ್ದು ಎದ್ದು ಮತ್ತೆ ಸತ್ತಿರಿ. ಅಷ್ಟು ಕಾದದ್ದು ಈ ಚೆಂದಕ್ಕೋ ಎಂದು ನಿಮಗೆ ಅನಿಸಿದ್ದು ಸಹಜ.

ನಿಮ್ಮ ಸಿಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ನಿಮ್ಮ ಹಳೆಯ ದೂರುಗಳನ್ನೂ ಓದಿದ್ದೇನೆ. ಬರುತ್ತದೆ ಬರುತ್ತದೆ ಎಂದ ಹೊಸ ಸೀಮೆ ಎರಡು ವರ್ಷವಾದರೂ ಬಂದಿಲ್ಲ. ದುಡ್ಡು ಕೊಟ್ಟವನ ಕತ್ತಿ ತಾನೇ ಹರಿತ. ಹೊಸಬರು ದಾರಿ ಕೇಳಿದರೆ ಹಳಬರು ಅಟ್ಟಾಡಿಸುತ್ತಾರೆ. ಬಾಣ ಬಿಟ್ಟರೆ ಅದು ಹೋಗಿ ತಾಗುವಷ್ಟರಲ್ಲಿ ನೆಟ್ ಕೈಕೊಡುತ್ತದೆ. ಇವುಗಳ ನಡುವೆಯೇ ನೀವೊಂದು ಆಸೆಯನ್ನೂ ಬರೆದಿದ್ದಿರಿ: ನಾನು ತೋಡಿದ ಬಾವಿ ಮರುದಿನವೂ ಅಲ್ಲೇ ಇರಬೇಕು, ಯಾರೋ ಗುರುತಿಲ್ಲದವರು ಬಂದು ನೀರು ಕುಡಿಯಬೇಕು, ಎಂದು. ಅದನ್ನು ನಾನು ಮತ್ತೆ ಮತ್ತೆ ಓದಿದೆ. ಆದರೆ ಈಗ ನಿಮ್ಮ ಕೈಯಲ್ಲಿರುವ ಮೂರು ಸಾಲು ಬೇರೆ. "ಆಟ ಚೆನ್ನಾಗಿದೆ, ಆಟಗಾರರೇ ಸರಿಯಿಲ್ಲ. ಕಾಯಿಸದ, ಕೈಕೊಡದ, ಹೇಳಿದ ಹಾಗೆ ಕೇಳುವ ಜತೆಗಾರರನ್ನು ನೀವೇ ಮಾಡಿಕೊಡಿ. ತಡ ಮಾಡಿದವರನ್ನು ಬದಲಿಸಲು ಒಂದು ಬಟನ್ ಕೊಡಿ."

ನಮಗೆ ತಿಳಿದ ಚರಿತ್ರೆಯಲ್ಲಿ ನೀವು ಅದನ್ನು ಕಳಿಸಿದಿರಿ. ಬೆಳಗಾಗುವುದರೊಳಗೆ ಸಾವಿರಾರು ಜನ ಭೇಷ್ ಎಂದರು. ಹೊಸ ಸೀಮೆಗೆ ಎರಡು ವರ್ಷ ಕಾಯಿಸಿದ್ದ ಕಂಪನಿ ಇದನ್ನು ಮಾತ್ರ ಆರೇ ತಿಂಗಳಲ್ಲಿ ಮಾಡಿತು. ಮಿಕ್ಕ ಆಟಗಳೂ ಅದೇ ಹಾದಿ ಹಿಡಿದವು. ಹಾಗೆ ಬಂದವರೇ ನಮ್ಮ ಒಪ್ಪಾಳುಗಳು. ಒಪ್ಪಾಳು ಎಂದರೆ ಆಟದೊಳಗೆ ನಮ್ಮ ಜತೆಗಿರುವ, ಮನುಷ್ಯರಲ್ಲದ ಸಂಗಾತಿ. ಕರೆದ ಕ್ಷಣ ಬರುತ್ತಾರೆ, ಹೇಳಿದ ಕಡೆ ನಿಲ್ಲುತ್ತಾರೆ, ಸೋಲಲು ಬಿಡುವುದಿಲ್ಲ. ನಿಮ್ಮ ಆ ಹದಿನೆಂಟು ಸೀಮೆಯನ್ನೇ ನಾನೂ ದಿನಾ ಆಡುತ್ತೇನೆ. ನನ್ನ ಮದ್ದಿನವ ಹೊನ್ನಪ್ಪನೆಂಬ ಒಪ್ಪಾಳು. ಮೂವತ್ತೊಂದು ವರ್ಷದಿಂದ ಜತೆಗಿದ್ದಾನೆ, ನನ್ನ ಮೊಣಕಾಲು ನೋವನ್ನೂ ವಿಚಾರಿಸುತ್ತಾನೆ. ನನಗೆ ಅವನ ಮೇಲೆ ನಿಜವಾದ ಪ್ರೀತಿ ಇದೆ, ಮುಚ್ಚುಮರೆ ಯಾಕೆ. ನನ್ನ ಸೀಮೆಯಲ್ಲಿ ನಾಲ್ಕು ಲಕ್ಷ ಮಂದಿ ಇದ್ದಾರೆ. ಸಂತೆ, ಮದುವೆ, ಜಗಳ ಎಲ್ಲ ನಡೆಯುತ್ತವೆ. ಮನುಷ್ಯರು ಎಷ್ಟು ಎಂದು ಒಮ್ಮೆ ವಿಚಾರಿಸಿದೆ. ಒಬ್ಬರು, ಎಂದು ಉತ್ತರ ಬಂತು. ಬೇರೆಯವರು ಬರಬಾರದೆಂಬ ನಿಯಮವೇನೂ ಇಲ್ಲ. ಬರುವುದನ್ನು ಬಿಟ್ಟಿದ್ದಾರೆ.

ಇನ್ನು ನನ್ನ ಅಣ್ಣನ ವಿಷಯ. ಚಿರಂತಣ್ಣ ನನಗಿಂತ ಮೂರು ವರ್ಷ ದೊಡ್ಡವನು, ಬಳ್ಳಾರಿಯಲ್ಲಿದ್ದ. ಕೊನೆಯ ವರ್ಷಗಳಲ್ಲಿ ಕೈ ನಡುಗುವ ಕಾಯಿಲೆ ಬಂದು ಹಾಸಿಗೆ ಹಿಡಿದ. ಹುಟ್ಟಿದಾಗಿನಿಂದ ಒಂದು ಆಟವನ್ನೂ ಆಡಿದವನಲ್ಲ. ತಂಗಿ ದಿನಾ ಹೋಗುವ ಊರು ಯಾವುದು, ನೋಡೋಣ ಎಂದು, ನನಗೆ ಹೇಳದೆ, ಮಲಗಿದಲ್ಲಿಂದಲೇ ನಾಲ್ಕು ತಿಂಗಳು ಆಟದೊಳಗೆ ನಡೆಯುವುದನ್ನು ಕಲಿತ. ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾನು ಐದು ಕಲ್ಲುಗಳ ಬಳಿ ಇದ್ದೆ. ನಾನೂ ಮೂವರು ಒಪ್ಪಾಳುಗಳೂ ನಿಂತಾಗಿತ್ತು. ಐದನೆಯವನು ತಡವರಿಸುತ್ತ ಬಂದ. ಕಲ್ಲು ಹತ್ತಿದ, ಜಾರಿದ, ಮತ್ತೆ ಹತ್ತಿದ, ಮತ್ತೆ ಜಾರಿದ. ನನ್ನತ್ತ ಕೈ ಎತ್ತಿದ. ಹೊನ್ನಪ್ಪನಿಗೇನೋ ಕೆಟ್ಟಿದೆ ಎಂದುಕೊಂಡೆ. ಒಪ್ಪಾಳುಗಳ ರೂಪ ಆಗಾಗ ಬದಲಾಗುವುದುಂಟು. ಮುಖ, ಹೆಸರು ನಾವು ಓದುವುದೇ ಇಲ್ಲ. ಬೆರಳು ತಾನಾಗಿ ಆ ಬಟನ್ ಮೇಲೆ ಹೋಯಿತು. ನೀವು ಕೇಳಿದ ಬಟನ್. 'ಬದಲಿಸು.' ಕಣ್ಣು ಮಿಟುಕಿಸುವುದರೊಳಗೆ ಹೊನ್ನಪ್ಪ ಕಲ್ಲಿನ ಮೇಲಿದ್ದ, ಬಾಗಿಲು ತೆರೆಯಿತು, ನಾವು ಗೆದ್ದೆವು.

ಮೂರು ವಾರ ಕಳೆದು ಅಣ್ಣನನ್ನು ನೋಡಲು ಹೋದಾಗ ಅವನೇ ಹೇಳಿದ. ನಗುನಗುತ್ತಲೇ ಹೇಳಿದ. "ಅವತ್ತು ಬಂದಿದ್ದೆ ನೋಡು ತಂಗೀ, ನಿನ್ನ ಕಲ್ಲಿನ ತನಕ. ನೀ ನನ್ನ ಬದಲಿ ಮಾಡಿಬಿಟ್ಟಿ." ನಾನು ಅತ್ತೆ, ಕೈ ಹಿಡಿದುಕೊಂಡೆ, ಮತ್ತೆ ಬಾ ಎಂದು ಅಂಗಲಾಚಿದೆ. "ಇರ್ಲಿ ಬಿಡವ್ವಾ, ನಿನ್ನ ಆಟ ಕೆಡತೈತಿ" ಎಂದ. ಆ ದೀಪಾವಳಿಗೆ ಅವನು ಹೋದ.

ಬಟನ್ ಒತ್ತಿದ ಬೆರಳು ನನ್ನದು. ಆ ಪಾಪವನ್ನು ನಿಮ್ಮ ತಲೆಗೆ ಕಟ್ಟುವಷ್ಟು ಕೆಟ್ಟವಳಲ್ಲ ನಾನು. ಅಣ್ಣನಿಗೆ ಕಾಗದ ಬರೆದಿದ್ದರೆ ಕ್ಷಮಿಸು ಎನ್ನಬಹುದಿತ್ತು, ಆದರೆ ಅವನು ಆಗಲೇ ಕ್ಷಮಿಸಿದ್ದಾನೆ. ಅದಕ್ಕೇ ನಿಮಗೆ ಬರೆದೆ. ಆ ಮೂರು ಸಾಲು ಅಳಿಸಿಬಿಡಿ. ದೂರನ್ನೇ ಬರೆಯಬೇಡಿ ಎನ್ನುವುದಿಲ್ಲ, ಖಾರವಾಗಿಯೇ ಬರೆಯಿರಿ. ಕರೆಂಟ್ ಹೋದವರ ಜಾಗ ಅವರು ಬರುವ ತನಕ ಹಾಗೇ ಇರಲಿ ಎಂದು ಕೇಳಿ. ಆ ಬಾವಿಯನ್ನು ಕೇಳಿ. ಐದು ಕಲ್ಲುಗಳ ಪಕ್ಕದಲ್ಲಿ, ಕಾಯುವವರು ಕೂತು ಮಾತಾಡಲು ಒಂದು ಕಟ್ಟೆ ಕಟ್ಟಿಕೊಡಿ ಎಂದು ಕೇಳಿ. ನಾಳೆ ಚಂದ್ರಮತಿಯಕ್ಕನಿಗೆ ಫೋನ್ ಮಾಡಿ ಇನ್ನೊಮ್ಮೆ ಬೈದರೂ ನನ್ನದೇನೂ ಅಡ್ಡಿಯಿಲ್ಲ.

ನೀವು ನನ್ನ ಮಾತು ಕೇಳಿದರೆ ಹೊನ್ನಪ್ಪ ಇರುವುದಿಲ್ಲ. ಇವತ್ತು ಅವನಿಗೆ ಅದನ್ನು ಹೇಳಿದೆ. ನೀವು ಹೇಗೆ ಹೇಳಿದರೆ ಹಾಗೆ ಅಮ್ಮಾ, ಎಂದ. ಒಪ್ಪಾಳುಗಳನ್ನೆಲ್ಲ ಕಳಿಸಿ ಈಗ ಒಬ್ಬಳೇ ಆಟದೊಳಗಿನ ಮೊದಲ ಕಲ್ಲಿನ ಮೇಲೆ ನಿಂತು ಈ ಕಾಗದ ಮುಗಿಸುತ್ತಿದ್ದೇನೆ. ನನಗೆ ಕಾಯುವುದು ರೂಢಿಯಿಲ್ಲ, ಕಾಲು ನೋಯುತ್ತಿದೆ.

ಏಳು ವರ್ಷದ ಹಿಂದಿನ ಆ ಮಧ್ಯಾಹ್ನ ನನ್ನ ಬೆರಳು ಬಟನ್ ಹುಡುಕಬೇಕು, ಬಟನ್ ಅಲ್ಲಿ ಇರಬಾರದು. ಸಿಟ್ಟು ಬಂದು, ಯಾರಪ್ಪಾ ಇವನು, ಒಂದು ಕಲ್ಲು ಹತ್ತಲು ಇಷ್ಟು ಹೊತ್ತೇ ಎಂದು ನಾನು ಬಾಯಿತುಂಬ ಬೈಯಬೇಕು. ಬೈಯುತ್ತ ಬೈಯುತ್ತ, ಅವನು ಹತ್ತುವ ತನಕ ಕಾಯಬೇಕು.

ನಿಮ್ಮ ಉತ್ತರ ಬರುವುದಿಲ್ಲವೆಂದು ತಿಳಿದೂ ಎದುರು ನೋಡುವ,
ಇಂಚರಮ್ಮ