ಮುಚ್ಚಳಕ್ಕೆ ಮುಂಚಿನ ಟೀ

ಚನ್ನಪಟ್ಟಣ
ಬುಧವಾರ, 5-2-2025

ಪ್ರೀತಿಯ ನೂರೀನ್ ಆಪಾಗೆ, ನಿನ್ನ ತಂಗಿ ಮಿಸ್ಬಾಳ ಸಲಾಂ.

ಮೂರು ದಿನದಿಂದ ಒಂದೇ ಕನಸು ಬೀಳುತ್ತಿದೆ ಆಪಾ. ಆ ಜಪಾನಿನ ಊರಿನಲ್ಲಿ ಮೇಜಿನ ತುಂಬ ಮರದ ಡಬ್ಬಿಗಳು, ನನ್ನ ಕೈಯಲ್ಲಿ ಒಂದೇ ಒಂದು ಮುಚ್ಚಳ. ಅದು ಯಾವುದಕ್ಕೂ ಕೂರುವುದಿಲ್ಲ. ಒಂದಕ್ಕೆ ಸಡಿಲ, ಇನ್ನೊಂದಕ್ಕೆ ಬಿಗಿ. ಅಲ್ಲಿನವರು ಬೈಯುವುದೂ ಇಲ್ಲ, ಸುಮ್ಮನೆ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತಾರೆ. ಬೈದುಬಿಟ್ಟಿದ್ದರೇ ಚೆನ್ನಾಗಿತ್ತು. ಅಮ್ಮಿಗೆ ಹೇಳಿದರೆ, "ಉಂಡ ತಕ್ಷಣ ಮಲಗಿದರೆ ಜಪಾನ್ ಏನು, ಎಲ್ಲಾ ಕಾಣಿಸುತ್ತೆ" ಅಂದಳು.

ನೀನು ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತಾ? ಅಸ್ರಾಗೆ ಎರಡು ಹಲ್ಲು ಬಂದಿದೆಯಂತೆ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳಂತೆ, ಸಾಬೀರ್ ಮಾಮು ಹೇಳಿದರು. ಗುಂಡಿ, ಮಣಿ ಕೈಗೆ ಸಿಗದ ಹಾಗೆ ನೋಡಿಕೋ, ಮಕ್ಕಳು ನುಂಗಿಬಿಡುತ್ತವೆ. ನಿನ್ನ ಅತ್ತೆಯವರಿಗೆ ನನ್ನ ಸಲಾಂ ಹೇಳು. ಫೋನ್ ಇದ್ದೂ ಇವಳು ಕಾಗದ ಯಾಕೆ ಬರೆದಳು ಅಂತ ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಮನೆಯಲ್ಲಿ ಫೋನನ್ನು ನಡುಮನೆಯಲ್ಲಿ ಸ್ಪೀಕರ್ ಹಾಕಿಯೇ ಮಾತಾಡುವುದಲ್ಲವಾ? ನಾನು ಹೇಳಬೇಕಾದ್ದು ಅಷ್ಟು ಜನ ಕೇಳುವಂಥದ್ದಲ್ಲ. ಎಂಟನೇ ಕ್ಲಾಸು ಬಿಟ್ಟ ಮೇಲೆ ಇಷ್ಟುದ್ದ ಬರೆದಿದ್ದು ಇದೇ ಮೊದಲು. ತಪ್ಪಿದ್ದ ಕಡೆ ನೀನೇ ಸರಿ ಮಾಡಿಕೊಂಡು ಓದು. ಮಾಮು ನಾಳೆ ಮಾಗಡಿಗೆ ಬರುತ್ತಾರೆ, ಅವರ ಕೈಲೇ ಕಳಿಸುತ್ತೇನೆ.

ಭಾನುವಾರ ವಿಮಾನ. ಆರು ತಿಂಗಳ ಇಂಟರ್ನ್‌ಶಿಪ್. ಅವರ ಮರದ ಗೊಂಬೆಯ ಕೆಲಸ ನಾನು ಕಲಿಯಬೇಕು, ನಮ್ಮ ಅರಗಿನ ಬಣ್ಣದ ಕೆಲಸ ಅವರಿಗೆ ಮಾಡಿ ತೋರಿಸಬೇಕು. ರಂಜಾನ್ ಅಲ್ಲೇ ಬರುತ್ತದೆ, ನಸುಕಿನ ಸಹರಿ ಊಟಕ್ಕೆ ನಿನ್ನನ್ನು ಯಾರು ಎಬ್ಬಿಸುತ್ತಾರೆ ಅಂತ ಅಮ್ಮಿ ಈಗಿಂದಲೇ ಕಣ್ಣೊರೆಸಿಕೊಳ್ಳುತ್ತಾಳೆ. ನಾನೋ ದಿನಕ್ಕೆ ಹತ್ತು ಸಲ ಪಾಸ್‌ಪೋರ್ಟ್ ಮುಟ್ಟಿ ನೋಡುತ್ತೇನೆ. ತರಬೇತಿ ಕೇಂದ್ರದ ಶಾಲಿನಿ ಮೇಡಂ, ನನ್ನ ಅರ್ಜಿ ಹಾಕಿದವರು, ಹೋದ ವಾರ ಒಂದು ಮಾತು ಹೇಳಿದರು: "ಹೊರಡೋ ಮುಂಚೆ ನಿನಗೆ ಸಹಾಯ ಮಾಡಿದವರನ್ನೆಲ್ಲ ಕಂಡು ಥ್ಯಾಂಕ್ಸ್ ಹೇಳಿ ಬಾ, ಮಿಸ್ಬಾ. ಯಾರನ್ನೂ ಬಿಡಬೇಡ."

ಬಿಡದೆ ಹೋದೆ. ನಂಜುಂಡಯ್ಯ ಮೇಷ್ಟ್ರು ನೆನಪಿದ್ದಾರಲ್ಲ, ಪಾಸ್‌ಪೋರ್ಟಿಗೆ ನನ್ನ ಹಳೇ ಸ್ಕೂಲಿನ ದಾಖಲೆ ತೆಗೆಸಿಕೊಟ್ಟವರು ಅವರೇ. ಸ್ವೀಟ್ ಬಾಕ್ಸ್ ಕೊಟ್ಟರೆ, "ಮೊದಲು ಏಳರ ಮಗ್ಗಿ ಹೇಳು, ಆಮೇಲೆ ವಿಮಾನ ಹತ್ತು" ಅಂದರು. ಏಳೆಂಟ್ಲಿಗೆ ನಿಂತುಬಿಟ್ಟೆ. ಅವರು ನಕ್ಕು, ತಲೆಯ ಮೇಲೆ ಕೈಯಿಟ್ಟರು. ನಮಗೆ ಮರ ತಂದು ಹಾಕುವ ಕೃಷ್ಣಪ್ಪಣ್ಣ ಗಾಡಿ ನಿಲ್ಲಿಸಿ, "ನಾನ್ ಕಡ್ದ ಮರ ಜಪಾನ್‌ಗೆ ಹೋಗ್ಬುಡ್ತು, ನಾನಿನ್ನೂ ಮೈಸೂರು ದಾಟಿಲ್ಲ ಕಣವ್ವ. ಹೋಗ್ಬುಟ್ಟು ಬಾ. ಬರೋವಾಗ ಒಸಿ ದಪ್ಪ ಆಗ್ಬುಟ್ಟು ಬಾ, ಉಳಿಗಿಂತ ಸಣ್ಣಕ್ಕಿದ್ದೀಯ" ಅಂದ. ಎಲ್ಲರಿಗೂ ನಗುತ್ತಾ ಕೈ ಮುಗಿದೆ. ಒಬ್ಬೊಬ್ಬರ ಮನೆಯಿಂದ ಹೊರಗೆ ಬರುವಾಗಲೂ ನಿನ್ನದೇ ನೆನಪು. ಯಾಕೆಂದರೆ ಮೊದಲು ಹೋಗಬೇಕಾಗಿದ್ದ ಮನೆ ಮಾಗಡಿಯಲ್ಲಿತ್ತು.

ಸೋಮವಾರ ನಜೀರ್ ಚಾಚಾ ಕಾರ್ಖಾನೆಯಲ್ಲಿ ಎಲ್ಲರನ್ನೂ ಸೇರಿಸಿ ಜಾಮೂನು ಹಂಚಿದರು. ಜಪಾನಿನವರು ಕಳಿಸಿದ ಫೋಟೋವನ್ನು ಫೋನಿನಲ್ಲಿ ಎಲ್ಲರಿಗೂ ತೋರಿಸಿದರು. ಗಾಜಿನ ಪೆಟ್ಟಿಗೆಯೊಳಗೆ ಒಂದು ಡಬ್ಬಿ, ಅದರ ಮುಂದೆ ನನ್ನ ಹೆಸರಿನ ಒಂದು ಚೀಟಿ. "ನೋಡ್ರಪ್ಪಾ, ಮುಚ್ಚಳ ತೆಗೆದ್ರೆ ಪುಸ್ ಅಂತ ಉಸಿರು ಬಿಡಬೇಕು, ಇಟ್ರೆ ತಾನಾಗೇ ಇಳೀಬೇಕು. ಅಂಥ ಮುಚ್ಚಳ ಮಾಡ್ತಿದ್ದೋಳು ನನ್ನ ಕಾರ್ಖಾನೇಲಿ ನೂರೀನ್ ಒಬ್ಬಳೇ. ಈಗ ಅವಳ ತಂಗಿ" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನನ್ನ ಪಾಲಿನ ಜಾಮೂನನ್ನು ಪಕ್ಕದವರ ತಟ್ಟೆಗೆ ಹಾಕಿದೆ.

ಆಪಾ, ಅದು ನಿನ್ನ ಡಬ್ಬಿ. ಹಳದಿ ಮೈ, ಹಸಿರು ಗೆರೆ. ಮದುವೆಗೆ ಮೂರು ದಿನ ಮುಂಚೆ ಮಾಡಿ, ಅಮ್ಮಿಗೆ ಏಲಕ್ಕಿ ಇಡಲು ಕೊಟ್ಟು ಹೋಗಿದ್ದೆಯಲ್ಲ, ಅದೇ.

ಹೋದ ಸೆಪ್ಟೆಂಬರಿನಲ್ಲಿ ಮೇಡಂ, ಅರ್ಜಿಯ ಜೊತೆ ಜಪಾನಿಗೆ ಕಳಿಸಲು ಎರಡೇ ದಿನದಲ್ಲಿ ಮುಚ್ಚಳದ ಡಬ್ಬಿ ಒಂದು ಬೇಕು ಅಂದರು. ಬುಗುರಿ, ಮಣಿ, ಬೊಂಬೆ ಎಲ್ಲಾ ನಾನೇ ಮಾಡಿದ್ದು, ಅಲ್ಲಾಹನ ಆಣೆ. ಮುಚ್ಚಳ ಮಾತ್ರ ಬರಲಿಲ್ಲ. ಏಳು ಮಾಡಿದೆ, ಏಳೂ ಕೆಟ್ಟವು. ಲೇತ್ ಮೇಲಿದ್ದಾಗ ಸರಿಯಾಗಿ ಕೂರುತ್ತಿತ್ತು, ತೆಗೆದು ಇಟ್ಟ ಮೇಲೆ ಬೇರೆ ಯಾರದೋ ಡಬ್ಬಿಯ ಮುಚ್ಚಳದ ಹಾಗಾಗುತ್ತಿತ್ತು. ಅಮ್ಮಿ ಮದುವೆಮನೆಗೆ ಹೋಗಿದ್ದಳು. ಏಲಕ್ಕಿಯನ್ನು ಸ್ಟೀಲ್ ಡಬ್ಬಿಗೆ ಸುರಿದು, ನಿನ್ನದನ್ನು ಹೊಳಪು ಬರಲು ತಾಳೆಗರಿಯಿಂದ ಉಜ್ಜಿ, ಪೇಪರಿನಲ್ಲಿ ಸುತ್ತಿ ಮೇಡಂಗೆ ಕೊಟ್ಟೆ. ಚಾಚಾ ಅದನ್ನು ಕೈಯಲ್ಲಿ ಹಿಡಿದೇ ನೋಡಲಿಲ್ಲ, ಹಿಡಿದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಮೇಡಂ ಮೂಸಿ ನೋಡಿ, "ಏಲಕ್ಕಿ ವಾಸನೆ ಬರ್ತಿದೆಯಲ್ಲ, ಚೆನ್ನಾಗಿದೆ. ನಿಂದೇ ಕೆಲಸ ತಾನೆ?" ಅಂದರು. ನಾನು "ಹ್ಞೂಂ" ಅಂದೆ. ಅಷ್ಟೇ ಆಪಾ, ಒಂದು ಹ್ಞೂಂ.

ಆಮೇಲೆ ನವೆಂಬರಿನಲ್ಲಿ ನೀನು ಫೋನ್ ಮಾಡಿ, "ನನ್ನ ಡಬ್ಬಿ ಕಳಿಸೇ, ಅಸ್ರಾನ ಕಾಲ್ಗೆಜ್ಜೆ ಇಡೋಕೆ ಬೇಕು" ಅಂದೆ. ನಾನು "ಇಲ್ಲೇ ಇದೆ, ಹುಡುಕ್ತೀನಿ" ಅಂದೆ. "ಇಲ್ಲೇ ಇದ್ದರೆ ಹುಡುಕೋದು ಯಾಕೇ, ಪೆದ್ದಿ" ಅಂತ ನೀನು ನಕ್ಕೆ. ಆ ನಗು ಇವತ್ತಿಗೂ ಕಿವಿಯಲ್ಲಿದೆ. ಮದುವೆಯಾದ ಮೇಲೆ ನೀನು ಉಳಿ ಹಿಡಿದಿಲ್ಲ. ಆ ಮನೆಯಲ್ಲಿ ಲೇತ್ ಇಲ್ಲ, ಇಡುವುದೂ ಇಲ್ಲ ಅಂದರು. ನಿನ್ನ ಕೈಕೆಲಸದಲ್ಲಿ ನಮ್ಮ ಬಳಿ ಉಳಿದಿದ್ದು ಅದೊಂದೇ, ಅದನ್ನೂ ನನ್ನ ಹೆಸರು ಹಾಕಿ ಕಳಿಸಿಬಿಟ್ಟೆ.

ಇನ್ನೊಂದು ತಪ್ಪೂ ಇದೆ. ನೀನು ಡಬ್ಬಿ ಮುಗಿಸಿ, ಅರಗು ಹಚ್ಚಿ, ಮುಚ್ಚಳ ಮಾತ್ರ ಬಾಕಿ ಇರುವಾಗ ಉಳಿ ಕೆಳಗಿಟ್ಟು ಟೀ ಕುಡಿಯಲು ಎದ್ದು ಹೋಗುತ್ತಿದ್ದೆ. "ಶುರುವಾಯ್ತಪ್ಪಾ ಮಹಾರಾಣಿ ಟೀ" ಅಂತ ಚಾಚಾ ರೇಗಿಸುತ್ತಿದ್ದರು. ಇವಳು ಸೋಮಾರಿ, ಕೊನೆಯ ಕೆಲಸ ಬಂದಾಗ ಜಾರಿಕೊಳ್ಳುತ್ತಾಳೆ ಅಂತ ನಾನೂ ಎಲ್ಲರ ಜೊತೆ ನಕ್ಕಿದ್ದೆ. ನೀನು ಲೋಟ ತೊಳೆದಿಟ್ಟು ಬಂದು ಮುಚ್ಚಳಕ್ಕೆ ಕೈ ಹಾಕುತ್ತಿದ್ದೆ. ಮೇಡಂಗೆ ಡಬ್ಬಿ ಕೊಟ್ಟ ಎಷ್ಟೋ ದಿನದ ಮೇಲೆ ನನಗೆ ಹೊಳೆಯಿತು: ಅರಗು ಹಚ್ಚುವಾಗ ತಿಕ್ಕಾಟಕ್ಕೆ ಮರ ಬಿಸಿಯಾಗಿರುತ್ತದೆ, ಆಗ ಅಳತೆ ತೆಗೆದರೆ ಆರಿದ ಮೇಲೆ ಸುಳ್ಳಾಗುತ್ತದೆ. ನೀನು ಟೀ ಕುಡಿಯುತ್ತಿರಲಿಲ್ಲ ಆಪಾ, ಡಬ್ಬಿ ಆರಲು ಬಿಡುತ್ತಿದ್ದೆ.

ನಾಳೆ ಬೆಳಿಗ್ಗೆ ಮೇಡಂಗೆ ಎಲ್ಲಾ ಹೇಳಬೇಕು ಅಂದುಕೊಂಡಿದ್ದೇನೆ. ಧೈರ್ಯ ಬರುತ್ತದೋ ಇಲ್ಲವೋ. ನೀನು ಕೋಪ ಮಾಡಿಕೋ, ಬೈ, ಆದರೆ ಸುಮ್ಮನಿರಬೇಡ. ಅಸ್ರಾಳ ಎರಡು ಹಲ್ಲಿಗೂ ಒಂದೊಂದು ಮುತ್ತು. ದುವಾದಲ್ಲಿ ನನ್ನನ್ನು ಬಿಡಬೇಡ.

ನಿನ್ನ ಪೆದ್ದಿ,
ಮಿಸ್ಬಾ

ಮರೆತ ಮಾತು, ಗುರುವಾರ: ಮಾಮು ಬೈಕ್ ಸ್ಟಾರ್ಟ್ ಮಾಡಿ ನಿಂತಿದ್ದಾರೆ. ಮೇಡಂಗೆ ಹೇಳಿದೆ. ಅವರು ಫೋನಿನಲ್ಲಿದ್ದ ಡಬ್ಬಿಯ ಫೋಟೋ ಇನ್ನೊಮ್ಮೆ ನೋಡಿದರು. ಆಮೇಲೆ, "ನಿಮ್ಮಕ್ಕಂಗೆ ಥ್ಯಾಂಕ್ಸ್ ಹೇಳಿ ಬಂದ್ಯಾ?" ಅಂದರು. ನಾನು ಅತ್ತೆ. ಅವರು ಅಲ್ಲೇ ಜಪಾನಿಗೆ ಫೋನ್ ಮಾಡಿದರು. ಚೀಟಿಯ ಮೇಲೆ ಇನ್ನು ನಿನ್ನ ಹೆಸರು ಬರೆಯುತ್ತಾರೆ, ಡಬ್ಬಿಯನ್ನೂ ವಾಪಸ್ ಕಳಿಸುತ್ತಾರೆ. ನಾನು ಹೋಗುವುದು ಮಾತ್ರ ಗಟ್ಟಿಯಿಲ್ಲ. ನಾಳೆ ಹತ್ತು ಗಂಟೆಗೆ ವಿಡಿಯೋ ಕಾಲಿನಲ್ಲಿ ಅವರ ಕಣ್ಣೆದುರೇ ಒಂದು ಡಬ್ಬಿ, ಮುಚ್ಚಳ ಮಾಡಬೇಕು. ಕೂತರೆ ಭಾನುವಾರ ವಿಮಾನ, ಕೂರದಿದ್ದರೆ ಇಲ್ಲ. ಕಾಗದ ಓದಿದ ತಕ್ಷಣ ಫೋನ್ ಮಾಡು, ಸ್ಪೀಕರಿನಲ್ಲೇ ಹೇಳು, ಯಾರು ಬೇಕಾದರೂ ಕೇಳಲಿ. ನನಗೆ ಒಂದು ಟೀ ಅಂತ ನೆನಪು, ಅಮ್ಮಿ ಎರಡು ಅನ್ನುತ್ತಾಳೆ. ಸರಿಯಾಗಿ ಯೋಚಿಸಿ ಹೇಳು ಆಪಾ: ಮುಚ್ಚಳಕ್ಕೆ ಮುಂಚೆ ಒಂದು ಟೀನಾ, ಎರಡಾ?