ನಲ್ಲಿಕಟ್ಟೆಯ ಕನಸು

ಸೋಮವಾರ, ಮಧ್ಯಾಹ್ನ

ಮೊಮ್ಮಗಳೇ, ಚಿನಕುರುಳೀ,

ಕ್ಷೇಮವೇ ಎಂದು ಕೇಳುವ ಮನಸ್ಸಿಲ್ಲ. ಕ್ಷೇಮವಾಗಿಯೇ ಇರುತ್ತೀ. ಪತ್ರಿಕೆಯಲ್ಲಿ ನಿನ್ನ ಬರಹದ ಪಕ್ಕದಲ್ಲಿ ಫೋಟೊ ಹಾಕಿದ್ದಾರಲ್ಲ, ಕೆನ್ನೆ ತುಂಬಿಕೊಂಡಿದೆ. ಫೋನು ಮಾಡಬಹುದಿತ್ತು. ಆದರೆ ನನ್ನ ಕೋಣೆಗೂ ಪಕ್ಕದ ಇಸ್ತ್ರಿಯವನ ಮನೆಗೂ ನಡುವೆ ಒಂದೇ ಗೋಡೆ, ಅದೂ ಹೆಸರಿಗೆ ಗೋಡೆ. ನಾನು ಇಲ್ಲಿ ಸೀನಿದರೆ ಅವನು ಅಲ್ಲಿ ಮೂಗು ಒರೆಸಿಕೊಳ್ಳುತ್ತಾನೆ. ಅದಕ್ಕೇ ನನ್ನ ಮೂರನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ದೀರ್ಘ, ಒತ್ತು ಬಿಟ್ಟುಹೋಗಿದ್ದರೆ ನೀನೇ ಹಾಕಿಕೊಂಡು ಓದು. ಓದುವುದರಲ್ಲಿ ನೀನು ಗಟ್ಟಿಗಿತ್ತಿ. ಕೇಳಿಸಿಕೊಳ್ಳುವುದರಲ್ಲಿ ಅಲ್ಲ.

ನಿನ್ನ ಬರಹ ಬಂದ ಪತ್ರಿಕೆಯನ್ನು ದರ್ಜಿ ಅಕ್ಕ ತಂದುಕೊಟ್ಟಳು. ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ಓದಿ ಎದ್ದುಹೋಗಿ ಬಾಯಿ ಮುಕ್ಕಳಿಸಿದೆ. ಹಲ್ಲಿ ಬಿದ್ದ ಹಾಲು ಕುಡಿದ ಹಾಗಾಯಿತು.

ಕಳೆದ ರಜೆಯಲ್ಲಿ ನೀನು ಬಂದಾಗ ಏನಂದೆ? ಕನಸಿನ ಬಗ್ಗೆ ಓದ್ತಿದೀನಿ ಅಜ್ಜಿ, ಜನ ಕನಸನ್ನ ಹೇಗೆ ಹೇಳ್ಕೋತಾರೆ, ಅದಕ್ಕೆ ಏನರ್ಥ ಕಟ್ತಾರೆ, ಅದನ್ನೆಲ್ಲ ಕೂಡಿಸ್ತಿದೀನಿ ಅಂದೆ. ಒಳ್ಳೆಯದೇ. ಬೆಳಿಗ್ಗೆ ಮನೆ ಹಿಂದಿನ ನಲ್ಲಿಕಟ್ಟೆಗೆ ನನ್ನ ಜೊತೆ ಬಂದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ರೆಕಾರ್ಡಿಂಗ್ ಮಷೀನು ಇಟ್ಟು, ಯಾರಿಗೆ ಏನು ಕನಸು ಬಿತ್ತು ಹೇಳಿ ಎಂದೆ. ಇಸ್ತ್ರಿಯವನ ಹೆಂಡತಿ ಬಕೆಟ್ಟಿಗೆ ನೀರು ಬಿಟ್ಟುಕೊಂಡು ಹೇಳಿದಳು. ಕನಸಲ್ಲಿ ಯಾರೋ ಕಾದಿರೋ ಇಸ್ತ್ರಿ ಪೆಟ್ಟಿಗೆ ತಂದು ನನ್ನ ಮುಂಗೈ ಮೇಲೆ ಇಟ್ರು, ಇಟ್ಟು, ಏನು, ಈಗ ಸುಕ್ಕು ಹೋಯ್ತಾ ಅಂತ ಕೇಳಿದ್ರು ಎಂದಳು. ಯಾರು ಎಂದು ನೀನು ಕೇಳಿದೆ. ಮುಖ ಕಾಣಲಿಲ್ಲಮ್ಮ ಎಂದಳು. ಆ ಸೆಕೆಯಲ್ಲಿ ಅವಳು ಉದ್ದ ತೋಳಿನ ರವಿಕೆ ಹಾಕಿಕೊಂಡಿದ್ದಳು. ಮಷೀನಿಗೆ ಅದು ಕಾಣುವುದಿಲ್ಲ, ನಿನಗೆ ಕಣ್ಣಿರಲಿಲ್ಲವೇ?

ದರ್ಜಿ ಅಕ್ಕ ಆಗಲೇ ಹೇಳಿದಳು, ಆ ಕನಸಿಗೆ ತಣ್ಣೀರು ಬಿಡು, ಎಣ್ಣೆ ಗಿಣ್ಣೆ ಹಚ್ಚಬೇಡ, ಬೊಬ್ಬೆ ಒಡೆಯುತ್ತೆ ಎಂದು. ಮಷೀನು ಆರಿಸು ಎಂದು ನಾನು ನಿನಗೆ ಕಣ್ಸನ್ನೆ ಮಾಡಿದೆ. ನೀನು ಏನು ಮಾಡಿದೆ? ಅಜ್ಜಿ, ಕಣ್ಣಿಗೆ ಏನಾದ್ರೂ ಬಿತ್ತಾ ಎಂದು ಎಲ್ಲರ ಎದುರಿಗೆ ನನ್ನ ರೆಪ್ಪೆ ಬಿಡಿಸಿ ಊದಿದೆ!

ಈಗ ಹೇಳುತ್ತೇನೆ, ಕೇಳು. ನಲ್ಲಿಕಟ್ಟೆಯಲ್ಲಿ ಹೇಳುವ ಕನಸು ಕನಸಲ್ಲ. ಬಾಯಿ ಬಿಟ್ಟು ಹೇಳಲಾಗದ್ದನ್ನು ಇಲ್ಲಿಯ ಹೆಂಗಸರು ಹಾಗೆ ಹೇಳುತ್ತಾರೆ. ನನ್ನ ಅತ್ತೆಯೂ ಹಾಗೇ ಹೇಳುತ್ತಿದ್ದರು. ಗಂಡನೋ ಮೈದುನನೋ ಹಠಾತ್ತನೆ ಬಂದು ನಿಂತರೂ ಏನೂ ಇಲ್ಲ ರೀ, ಕನಸು ಎಂದರೆ ಮುಗಿಯಿತು, ಯಾರೂ ಜಗಳಕ್ಕೆ ಬರುವಂತಿಲ್ಲ. ನೀನು ಚಿಕ್ಕವಳಿದ್ದಾಗ ಆ ಮಾತು ಬಂದರೆ ನಿನ್ನನ್ನು ಬೆಂಕಿಪೊಟ್ಟಣ ತಾ ಎಂದು ಅಂಗಡಿಗೆ ಓಡಿಸುತ್ತಿದ್ದೆವು. ಅದಕ್ಕೇ ನಿನಗೆ ತಿಳಿದಿಲ್ಲ, ಸರಿ. ತಿಳಿಯದಿದ್ದರೆ ಕೇಳಬೇಕಿತ್ತು. ಅದರ ಬದಲು ಅರ್ಥ ಕಟ್ಟಿಕೊಂಡು ಹೋದೆ.

ಎಂಥ ಅರ್ಥ! ಬೆಂಕಿ ಎಂದರೆ ಅದುಮಿಟ್ಟ ಬಯಕೆಯಂತೆ. ಇಸ್ತ್ರಿ ಪೆಟ್ಟಿಗೆ ಎಂದರೆ ಮನೆಯ ಶಿಸ್ತಿಗೆ ಒಳಮನಸ್ಸು ಕೊಟ್ಟ ರೂಪವಂತೆ. ಮುಂಗೈ ಸುಟ್ಟುಕೊಂಡವಳಿಗೆ ಬಯಕೆಯಂತೆ, ಥೂ! ದರ್ಜಿ ಅಕ್ಕ ಹೇಳಿದ ತಣ್ಣೀರು, ಕೆಟ್ಟ ಕನಸನ್ನು ನೀರಿಗೆ ಬಿಟ್ಟು ಶುದ್ಧರಾಗುವ ಹಳೆಯ ಸಂಪ್ರದಾಯವಂತೆ. ಅದನ್ನು ನಾನು ಓದಿ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ಹೊರಗೆ ಹೋಗಿ ಉಗುಳಿ ಬಂದಳು. ಈ ಹೆಂಗಸರ ಕನಸುಗಳು ಓಣಿಯ ಸಾಮೂಹಿಕ ಸಂಪತ್ತು ಎಂದೂ ಬರೆದಿದ್ದೀ. ಸಂಪತ್ತಂತೆ! ಕೀವು ತುಂಬಿದ ಗಾಯವನ್ನು ಬೆಳ್ಳಿ ತಟ್ಟೆಯಲ್ಲಿಟ್ಟು ಊರಿಗೆಲ್ಲ ತೋರಿಸಿಕೊಂಡು ಬಂದಿದ್ದೀ.

ಯಾರ ಹೆಸರೂ ಹಾಕಿಲ್ಲ ಅಜ್ಜಿ ಎನ್ನುತ್ತೀ, ಗೊತ್ತು. ‘ಇಸ್ತ್ರಿ ಅಂಗಡಿಯ ಗೃಹಿಣಿ’ ಎಂದು ಬರೆದು, ಓಣಿ ಯಾವುದು ಎಂದೂ ಬರೆದಿದ್ದೀ. ಈ ಓಣಿಗೆ ಇರುವುದು ಒಂದೇ ಇಸ್ತ್ರಿ ಅಂಗಡಿ. ಔಷಧಿ ಅಂಗಡಿಯವನು ಅಂಗಿ ತೆಗೆದುಕೊಳ್ಳಲು ಹೋದವನು, ಏನಯ್ಯಾ, ನಿನ್ನ ಹೆಂಡ್ತಿ ಕನಸು ಪತ್ರಿಕೇಲಿ ಬಂದಿದೆ, ದೊಡ್ಡ ಮನುಷ್ಯ ಆಗ್ಬಿಟ್ಟೆ ಬಿಡು ಎಂದು ಹೊಗಳುತ್ತಾ ಅಲ್ಲೇ ನಿಂತು ಗಟ್ಟಿಯಾಗಿ ಓದಿದನಂತೆ. ಎದುರಿನ ಹೊಲಿಗೆ ಮಷೀನಿನ ಮುಂದೆ ಕೂತಿದ್ದ ದರ್ಜಿ ಅಕ್ಕ ಎಲ್ಲ ಕೇಳಿಸಿಕೊಂಡಳು. ‘ಈಗ ಸುಕ್ಕು ಹೋಯ್ತಾ’ ಎನ್ನುವ ಮಾತು ಬರುತ್ತಲೇ ಇಸ್ತ್ರಿಯವನ ಕೈ ನಿಂತಿತಂತೆ. ಅದು ಅವನದೇ ಮಾತು, ಅವನು ಆಡಿದ ಮಾತು. ಇಷ್ಟೆಲ್ಲ ಓದಿದ ನಿನಗೆ ಆಗದ ಅರ್ಥ ಅವನಿಗೆ ಒಂದೇ ಏಟಿಗೆ ಆಯಿತು.

ಅಂಗಿಯನ್ನು ನೀಟಾಗಿ ಮಡಿಸಿ ಕೊಟ್ಟು, ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಬಂದ. ದರ್ಜಿ ಅಕ್ಕ ಅವನಿಗಿಂತ ಮುಂಚೆ ಹಿತ್ತಲಿನಿಂದ ಓಡಿಬಂದಳು. ಅವನು ಒಳಗೆ ಹೋಗುವಷ್ಟರಲ್ಲಿ ಮನೆ ಖಾಲಿ.

ಎಲ್ಲಿ ಹೋದಳು ಎಂದು ನನ್ನನ್ನು ಕೇಳಬೇಡ, ನನಗೇನು ಗೊತ್ತು. ಅವನೂ ಬಂದು ಕೇಳಿದ. ಬಾಗಿಲಲ್ಲಿ ನಿಂತು, ಅಜ್ಜಿ, ನಮ್ಮವಳು ಈ ಕಡೆ ಬಂದಳಾ ಎಂದ. ನನ್ನ ಕನ್ನಡಕ ಎಲ್ಲಿದೆ ಅಂತಾನೇ ನನಗೆ ಗೊತ್ತಿಲ್ಲ, ನಿನ್ನ ಹೆಂಡ್ತೀನ ಎಲ್ಲಿ ಹುಡುಕಲಪ್ಪಾ ಎಂದೆ. ಕನ್ನಡಕ ಮೂಗಿನ ಮೇಲೇ ಇದೆ ಅಜ್ಜಿ ಎಂದು ನಕ್ಕ. ಮೊಮ್ಮಗಳಿಗೆ ನಮಸ್ಕಾರ ಹೇಳಿ, ಚೆನ್ನಾಗಿ ಬರೆದಿದ್ದಾಳೆ ಎಂದ. ಅವನ ಬೆರಳು ನೋಡಬೇಕಿತ್ತು ನೀನು, ಎಷ್ಟು ಶುಭ್ರ, ಮೈಯಿಂದ ಆಗತಾನೇ ಒಗೆದ ಬಟ್ಟೆಯ ವಾಸನೆ. ಅವನು ಹೋದ ಮೇಲೆ ಅವನು ಹಿಡಿದುಕೊಂಡಿದ್ದ ಬಾಗಿಲ ಚೌಕಟ್ಟನ್ನು ಸೋಪು ಹಾಕಿ ಉಜ್ಜಿದೆ.

ನಿನ್ನೊಬ್ಬಳ ಮೇಲೇ ಉರಿಯುತ್ತಿಲ್ಲ. ಕನಸು, ಕನಸು ಎಂದು ಕೇಳಿಸಿಕೊಂಡು, ತಣ್ಣೀರು ಬಿಡು ಎಂದು ಹೇಳಿ, ಕೊಡ ಎತ್ತಿಕೊಂಡು ಮನೆಗೆ ಬಂದವರು ನಾವೆಲ್ಲ. ಆ ಕಟ್ಟೆಯನ್ನು ಕಂಡರೇ ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

ಬರುವ ಭಾನುವಾರ ದೊಡ್ಡ ಸಭೆಯಲ್ಲಿ ಮಾತಾಡುತ್ತೇನೆ, ಆ ಹೆಂಗಸಿನ ದನಿಯನ್ನೇ ಎಲ್ಲರಿಗೂ ಕೇಳಿಸುತ್ತೇನೆ ಎಂದು ಹೋದ ವಾರ ಫೋನಿನಲ್ಲಿ ಕುಣಿದಾಡಿದೆಯಲ್ಲ. ಕೇಳಿಸಿದರೆ ಈ ಮನೆಯ ಹೊಸ್ತಿಲು ತುಳಿಯಬೇಡ. ಆ ದನಿಯನ್ನು ಅಳಿಸಿಹಾಕು. ತಪ್ಪಾಯಿತು ಎಂದು ಮತ್ತೊಂದು ಬರಹ ಬರೆಯಲು ಕೂರಬೇಡ. ಅದಕ್ಕೂ ನಿನ್ನ ಫೋಟೊ ಹಾಕುತ್ತಾರೆ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ದರ್ಜಿ ಅಕ್ಕ ನೂಲು ತರುವ ನೆಪದಲ್ಲಿ ನಿನ್ನ ಊರಿಗೇ ಬರುತ್ತಿದ್ದಾಳೆ, ನಿನ್ನ ಕೈಗೇ ಕೊಡುತ್ತಾಳೆ. ಅವಳ ಎದುರಿಗೇ ಓದು. ಅಳಬೇಡ. ಅಳುವವರನ್ನು ಸಮಾಧಾನ ಮಾಡುತ್ತಾ ಕೂರಲು ಅವಳಿಗೆ ಪುರುಸೊತ್ತಿಲ್ಲ.

ಬೈದು ಬೈದು ಗಂಟಲು ಒಣಗಿಸಿಕೊಂಡಿರುವ
ನಿನ್ನ ಅಜ್ಜಿ

ತಾ.ಕ.: ನನಗೂ ಒಂದು ಕನಸು ಬಿತ್ತು. ನನ್ನ ಒಳಕೋಣೆಯಲ್ಲಿ, ಹಾಸಿಗೆ ಸುರುಳಿಗಳ ಹಿಂದೆ, ಒಬ್ಬಳು ಗೋಡೆಗೆ ಒರಗದೆ ಕೂತು ಬಿಸಿ ಹಾಲು ಕುಡಿಯುತ್ತಿದ್ದಳು. ಲೋಟ ನೆಲಕ್ಕಿಟ್ಟರೆ ಸದ್ದಾಗುತ್ತದೆ ಎಂದು ಮಡಿಲಲ್ಲೇ ಇಟ್ಟುಕೊಳ್ಳುತ್ತಿದ್ದಳು. ಬುಧವಾರ ಮಧ್ಯಾಹ್ನ, ಪಕ್ಕದ ಮನೆಯವನು ಹೋಟೆಲಿನ ಬಟ್ಟೆ ಗಂಟು ಹೊತ್ತುಕೊಂಡು ಆಚೆ ಹೋದ ಹೊತ್ತಿಗೆ ಹಿತ್ತಲ ಬಾಗಿಲಿಗೆ ಒಂದು ಕಾರು ಬಂತು. ಕಾರಿನಿಂದ ಇಳಿದವಳು ನಿನ್ನಷ್ಟೇ ಎತ್ತರ ಇದ್ದಳು. ಏನೂ ಕೇಳಲಿಲ್ಲ, ಏನೂ ಬರೆದುಕೊಳ್ಳಲಿಲ್ಲ, ಒಳಗಿದ್ದವಳ ಸುಟ್ಟಿರದ ಕೈ ಹಿಡಿದುಕೊಂಡು ಕರೆದುಕೊಂಡು ಹೋದಳು.