ಸಗುಯಿ ಯಜಮಾನಿ

ಅಕ್ಟೋಬರ್ 3, ಬೆಳಿಗ್ಗೆ

ಮತ್ತೆ ನಾಲ್ಕು ಗೇರು ಮರ ಹಾಳು. ಸಗುಯಿಗಳ ಕೆಲಸ. ಅಳಿಲಿನಷ್ಟು ದೇಹ, ಕಿವಿಗೆ ಬಿಳಿ ಕುಚ್ಚು — ಕೋತಿ ಎನ್ನಲೂ ನಾಚಿಕೆ. ತೊಗಟೆ ಕಚ್ಚಿ ತೂತು ಮಾಡುತ್ತವೆ, ಒಸರಿದ ಅಂಟು ನೆಕ್ಕುತ್ತವೆ, ಆ ತೂತಿಗೇ ಉಚ್ಚೆ ಹೊಯ್ಯುತ್ತವೆ. ಮಾರನೆಯ ದಿನ ಬಂದು ಅದನ್ನೇ ಮತ್ತೆ ನೆಕ್ಕುತ್ತವೆ. ಥೂ. 

ಮಗಳು ಜಸಿಲ್ಡಾ ದಿನದಂತೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಆಶೀರ್ವಾದ ಮಾಡಮ್ಮಾ" ಎಂದಳು. ಉತ್ತರ ಕೊಡಲಿಲ್ಲ. ಕೊಡದೆ ಇವತ್ತಿಗೆ ಒಂದು ತಿಂಗಳಾಯಿತು. ಕೊಲೆ ಮಾಡಿ ಬಂದ ಮಗ ಕೇಳಿದರೂ ನಮ್ಮ ಸೀಮೆಯ ತಾಯಂದಿರು "ದೇವರು ಒಳ್ಳೇದು ಮಾಡ್ಲಿ" ಎನ್ನುತ್ತಾರೆ. ಎನ್ನಲಿ. ಮದುವೆಯಿಲ್ಲದೆ ಏಳು ತಿಂಗಳ ಬಸುರಿಯಾದ ಮಗಳಿಗೆ ನನ್ನ ಬಾಯಿಂದ ಆ ಮಾತು ಬರುವುದಿಲ್ಲ.

ಅಕ್ಟೋಬರ್ 5

ಸಗುಯಿಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ಆ ನತಾಲ್ ಪಟ್ಟಣದ ಹುಡುಗಿ, ರೆಜಾನೆ, ಇವತ್ತೂ ದುರ್ಬೀನು ಹಿಡಿದು ಅಂಗಳದಲ್ಲಿ.

"ಡೋನಾ ಲಿಂದೌರಾ, ಆ ದಪ್ಪ ಹೆಣ್ಣಿದೆಯಲ್ಲ, ಅದೇ ಯಜಮಾನಿ. ಮರಿ ಹಾಕೋದು ಅದೊಂದೇ. ಹೆಣ್ಣುಮಕ್ಕಳು ಅಮ್ಮನ ಮರಿ ಹೊತ್ಕೊಂಡು ತಿರುಗ್ಬೇಕು, ಅಷ್ಟೇ."

"ಗಂಡು?"

"ಅದೂ ಹೊರುತ್ತೆ. ಅಮ್ಮ ಎತ್ಕೊಳ್ಳೋದು ಹಾಲು ಕೊಡೋಕೆ ಮಾತ್ರ."

"ನನ್ನ ಗಂಡ ಒಂದು ಬಕೆಟ್ ನೀರೂ ಹೊತ್ತೋನಲ್ಲ. ಆ ಯಜಮಾನಿ ನನಗಿಂತ ಜಾಣೆ."

ಕಿಟಕಿಯಿಂದ ಜಸಿಲ್ಡಾ ನಕ್ಕಳು. ನೋಡಿದೆ. ನಗು ನಿಂತಿತು.

ಅಕ್ಟೋಬರ್ 11

ತೀರ್ಮಾನವಾಯಿತು. ಮೊಸ್ಸೊರೊ ಊರಲ್ಲಿರುವ ತಂಗಿ ಝುಲ್ಮಿರಾಗೆ ಮಕ್ಕಳಿಲ್ಲ. 25ಕ್ಕೆ ಬಂದು ಜಸಿಲ್ಡಾಳನ್ನು ಕರೆದೊಯ್ಯುತ್ತಾಳೆ. ಹೆರಿಗೆ ಅಲ್ಲಿ. ಮಗು ಝುಲ್ಮಿರಾಳದು. ಇವಳು ಒಬ್ಬಳೇ ವಾಪಸು.

"ನನ್ನನ್ನ ಒಂದ್ ಮಾತು ಕೇಳ್ಲಿಲ್ವಲ್ಲಮ್ಮ."

"ಕೇಳೋದೇನಿದೆ? ಈ ಮನೇಲಿ ಮಗುಗೆ ಜೋಲಿ ಕಟ್ಟಬೇಕಾ, ಬೇಡವಾ ಅನ್ನೋದು ನನ್ನ ಮಾತು."

ತಟ್ಟೆ ಹಾಗೇ ಬಿಟ್ಟು ಎದ್ದಳು.

ಅಕ್ಟೋಬರ್ 12

ಇವತ್ತು ಆಶೀರ್ವಾದ ಕೇಳಲಿಲ್ಲ. ಮಾತು ಬಂದಾಗಿನಿಂದ ಇದೇ ಮೊದಲು. ಒಳ್ಳೆಯದೇ. ಉತ್ತರ ಕೊಡದಿರುವ ಕಷ್ಟ ತಪ್ಪಿತು.

ಅಕ್ಟೋಬರ್ 23



ಯಜಮಾನಿ ಸಗುಯಿ ಹೋದ ವಾರ ಅವಳಿ ಹಾಕಿತ್ತು. ನಿನ್ನೆ ಅದರ ಮಗಳೂ ಒಂದು ಮರಿ ಹಾಕಿತು. ಇವತ್ತು ಅಮ್ಮ ಬಂದು, ಮಗಳ ಬೆನ್ನಿಂದ ಮರಿಯನ್ನು ಕಿತ್ತು, ತಲೆಗೇ ಬಾಯಿ ಹಾಕಿತು. ಹಣ್ಣು ಕಚ್ಚಿದ ಹಾಗೆ. ಆಮೇಲೆ ಕೊಂಬೆಗೆ ಮೂತಿ ಒರೆಸಿತು.

ಕಲ್ಲೆಸೆದೆ. "ಥೂ, ದರಿದ್ರದ್ದೇ! ನಿನ್ ಮೊಮ್ಮಗು ಕಣೇ ಅದು!"

ರೆಜಾನೆ ಅಳುತ್ತಲೇ ಬರೆದುಕೊಳ್ಳುತ್ತಿದ್ದಳು. "ಅವುಗಳ ರೀತಿನೇ ಹಾಗೆ, ಡೋನಾ. ತನ್ನ ಮರಿ ಹೊರೋ ಕೈ ಕಡಿಮೆ ಆಗ್ಬಾರ್ದು ಅಂತ."

ತಿರುಗಿದೆ. ಹಿಂದೆ ಜಸಿಲ್ಡಾ, ಹೊಟ್ಟೆಯ ಮೇಲೆ ಎರಡೂ ಕೈ. ಮರದ ಕಡೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು.



ಸಂಜೆ, ಮರಿ ಕಳೆದುಕೊಂಡ ಸಗುಯಿ ತನ್ನ ಅಮ್ಮನ ಅವಳಿಯನ್ನು ಹೊತ್ತು ತಿರುಗುತ್ತಿತ್ತು.

ಅಕ್ಟೋಬರ್ 24

 ಕೈ ಮೂರು ಸಲ ತೊಳೆದೆ. ಅಂಟಿನ ವಾಸನೆ ಹೋಗುತ್ತಿಲ್ಲ. ನಾನು ಆ ಮರ ಮುಟ್ಟಿಯೇ ಇಲ್ಲ.

ಅಕ್ಟೋಬರ್ 25, ಬೆಳಿಗ್ಗೆ ಆರು

ಬಾಗಿಲ ಬಳಿ ಅವಳ ಪೆಟ್ಟಿಗೆ. ಅವಳು ಒಲೆಯ ಮುಂದೆ, ನನಗೆ ಬೆನ್ನು. ಆಶೀರ್ವಾದ ಕಿರಿಯರು ಕೇಳಬೇಕು, ಹಿರಿಯರು ಕೊಡಬೇಕು. ಕೇಳದೆ ಕೊಟ್ಟವರು ನಮ್ಮ ಮನೆತನದಲ್ಲಿಲ್ಲ. ನನ್ನ ಅಮ್ಮ ಕೊಟ್ಟಿಲ್ಲ. ಅಜ್ಜಿಯೂ.

"ದೇವರು ಒಳ್ಳೇದು ಮಾಡ್ಲಿ, ಮಗಳೇ."

ಚಮಚ ನಿಂತಿತು. "ನಾನು ಕೇಳ್ಲಿಲ್ವಲ್ಲಮ್ಮ."

"ಗೊತ್ತು."

ತಿರುಗಲಿಲ್ಲ. ಹೆಗಲು ಮಾತ್ರ ಅಲುಗುತ್ತಿತ್ತು. ಪೆಟ್ಟಿಗೆ ಎತ್ತಿ ಒಳಗಿನ ಕೋಣೆಯಲ್ಲಿಟ್ಟು ಬಂದೆ. ಹಳೆಯ ಜೋಲಿ ಒಗೆಯಬೇಕು. ಹಗ್ಗ ಹೊಸದು ತರಬೇಕು.

ಗೇಟಿನ ಸದ್ದು. ಝುಲ್ಮಿರಾ. ಪಾಪ, ಹೊಸ ಬಟ್ಟೆ ಹಾಕಿಕೊಂಡು ಬಂದಿದ್ದಾಳೆ. ಕಾಫಿ ಕೊಟ್ಟು, ಕೂರಿಸಿ, ಮಗು ಈ ಮನೆಯಲ್ಲೇ ಇರುತ್ತದೆ ಎಂದು ನಾನೇ ಬಾಯಿಬಿಟ್ಟು ಹೇಳಬೇಕು.